ಡಬ್ಬಿ ಕಾರ್ಖಾನೆಯವಳು

ಅಮ್ಮನನ್ನು ವಸ್ತುಸಂಗ್ರಹಾಲಯದ ಯಾವ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋಗಬೇಕು ಎಂಬ ಒಂದೇ ಚಿಂತೆಯಲ್ಲಿ ಅವಳು ಬಸ್ಸಿನಿಂದ ಇಳಿದಳು. ಮುಂಬಾಗಿಲಿಗೆ ಹೋದರೆ ಟಿಕೆಟ್ ಹರಿಯುವವನು ಯಾರಿವರು, ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಇದೆಯೇ ಎಂದೆಲ್ಲ ವಿಚಾರಿಸಿಕೊಂಡು ಅರ್ಧ ಗಂಟೆ ನಿಲ್ಲಿಸುತ್ತಾನೆ. ಹಿಂಬಾಗಿಲಿಗೆ ಹೋದರೆ ಹನ್ನೆರಡು ಮೆಟ್ಟಿಲು, ಎಂಬತ್ತನಾಲ್ಕು ವರ್ಷದ ಮೊಣಕಾಲು. ಅಮ್ಮ ಮಾತ್ರ ಒಂದು ಕೈಯಲ್ಲಿ ಅವಳ ತೋಳು, ಇನ್ನೊಂದರಲ್ಲಿ ಬಟ್ಟೆಯ ಚೀಲ ಹಿಡಿದು, ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದಲು ನೋಡುತ್ತ, ಓದಲಾಗದ್ದನ್ನು ತಾನೇ ಕಟ್ಟಿಕೊಳ್ಳುತ್ತ ಆರಾಮವಾಗಿ ಬರುತ್ತಿದ್ದಳು. ಹಗಲು ಅಮ್ಮನನ್ನು ನೋಡಿಕೊಳ್ಳುವ ಹೆಂಗಸು ತಂಗಿಯ ಹೆರಿಗೆಗೆಂದು ಹೋಗಿದ್ದಳು. ಗಂಡನಿಗೆ ಬೆಳಗಿನ ಪಾಳಿ. ಒಬ್ಬಳನ್ನೇ ಬಿಟ್ಟರೆ ಅಮ್ಮ ಒಲೆಯ ಮೇಲೆ ನೀರಿಟ್ಟು ಮರೆತುಬಿಡುತ್ತಾಳೆ. ಇವತ್ತೇ ಹೀಗಾಗಬೇಕಿತ್ತೇ ಎಂದು ಅವಳು ಬೆಳಗಿನಿಂದ ಹತ್ತು ಸಲ ಅಂದುಕೊಂಡಿದ್ದಳು, ಹತ್ತು ಸಲವೂ ಹಾಗೆ ಅಂದುಕೊಂಡದ್ದಕ್ಕೆ ತನ್ನನ್ನೇ ಬೈದುಕೊಂಡಿದ್ದಳು. ವಸ್ತುಸಂಗ್ರಹಾಲಯದ ಲೋಹ ದುರಸ್ತಿ ವಿಭಾಗದಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷವಾಗಿತ್ತು. ಆ ವಿಭಾಗದಲ್ಲಿ ಅವಳನ್ನು ಬಿಟ್ಟು ಇನ್ನೊಬ್ಬರಿರಲಿಲ್ಲ. ಮತ್ತು ಮೂರು ವಾರದಿಂದ ಅವಳಿಗೆ ತನ್ನ ಕೈಗಳ ಮೇಲೆ ನಂಬಿಕೆ ಹೋಗಿತ್ತು.

ಮೆಟ್ಟಿಲನ್ನೇ ಹತ್ತಿದರು. ನಾಲ್ಕನೆಯದರಲ್ಲಿ ನಿಂತು, ಆರನೆಯದರಲ್ಲಿ ನಿಂತು. ಎಂಟನೆಯದರಲ್ಲಿ ಅಮ್ಮ, “ನಿಮ್ಮ ಸಾಹೇಬ್ರೂ ಇಲ್ಲೇ ಹತ್ತಿ ಬರ್ತಾರೇನೇ?” ಎಂದು ಕೇಳಿದಳು. ಇಲ್ಲ ಎಂದಾಗ, “ಅದಕ್ಕೇ ರಿಪೇರಿ ಮಾಡ್ಸಿಲ್ಲ” ಎಂದು ಒಡೆದ ಅಂಚನ್ನು ಚಪ್ಪಲಿಯಿಂದ ತಟ್ಟಿ ತೋರಿಸಿದಳು. ಕೆಲಸದ ಕೋಣೆಗೆ ಹೊರಗಿನವರನ್ನು ತರಬಾರದು ಎಂಬುದು ನಿಯಮ. ಅವಳು ಬಾಗಿಲು ತೆರೆದು, ದೀಪ ಹಾಕಿ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಅಮ್ಮನನ್ನು ಕೂರಿಸಿ, “ಏನೂ ಮುಟ್ಟಬೇಡಮ್ಮ” ಅಂದಳು. ಅಂದ ತಕ್ಷಣ, ಚಿಕ್ಕಂದಿನಲ್ಲಿ ನೆಂಟರ ಮನೆಗೆ ಹೋದಾಗ ಅಮ್ಮ ತನಗೆ ಹೀಗೆಯೇ, ಇದೇ ದನಿಯಲ್ಲಿ, ಇದೇ ಗಾಬರಿಯಲ್ಲಿ ಹೇಳುತ್ತಿದ್ದಳು ಎಂದು ನೆನಪಾಗಿ ನಾಲಗೆ ಕಚ್ಚಿಕೊಂಡಳು. ಅಮ್ಮ ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡು ಒಳ್ಳೆಯ ಮಗುವಿನ ಹಾಗೆ ಕೂತಳು.

ಮೇಜಿನ ಮೇಲೆ ಹಸಿರು ಉಣ್ಣೆಬಟ್ಟೆಯ ನಡುವೆ ಅದು ಮಲಗಿತ್ತು: ಹಳೆಯ ಯುದ್ಧದ ಬಂದೂಕೊಂದರ ಗುಂಡು ತುಂಬುವ ದುಂಡನೆಯ ಡ್ರಮ್ಮು, ಅನ್ನದ ತಟ್ಟೆಯಷ್ಟು ಅಗಲ, ಮೂರು ಬೆರಳು ದಪ್ಪ, ಕಪ್ಪು ಬಣ್ಣ ಎದ್ದು ಅಲ್ಲಲ್ಲಿ ಬೂದು ಉಕ್ಕು ಕಾಣುವಂಥದ್ದು. ಬಂದೂಕಿನ ನಳಿಗೆಗೆ ಸೀಸ ಹೊಯ್ದು ಎಷ್ಟೋ ಕಾಲವಾಗಿತ್ತು. ಡ್ರಮ್ಮಿಗೆ ತುಂಬುವ ಐವತ್ತೂ ಮದ್ದಿಲ್ಲದ ಹುಸಿಗುಂಡುಗಳು. ನಾಳೆ ಬೆಳಗ್ಗೆ ತೆರೆಯುವ ಪ್ರದರ್ಶನದಲ್ಲಿ ಇದನ್ನು ತುಂಬಿ, ಕೀಲಿ ಕೊಟ್ಟು, ಬಂದೂಕಿನ ಪಕ್ಕದಲ್ಲಿ ಇಡಬೇಕು. ಅಷ್ಟೇ. ಮೂರು ವಾರದ ಹಿಂದೆ ಮುಖ್ಯಸ್ಥರು ಚಹಾದ ಲೋಟ ಹಿಡಿದುಕೊಂಡು ಇಬ್ಬರು ಅತಿಥಿಗಳ ಜೊತೆ ಬಂದು, “ನಮ್ಮ ಮೇಡಂ ಕೈಚಳಕ ನೋಡಿ” ಎಂದು ನಿಂತಿದ್ದರು. ಅವಳು ಗುಂಡು ಜೋಡಿಸಿ, ಮುಚ್ಚಳ ಹಾಕಿ, ಕೀಲಿ ತಿರುಗಿಸತೊಡಗಿದ್ದಳು. ಒಂಬತ್ತು ಸಲ ಟಕ್ ಅನ್ನಬೇಕು. ಆರು ಅಂದಿತು. ಏಳನೆಯದಕ್ಕೆ ಮುಚ್ಚಳ ಹಾರಿ, ಐವತ್ತು ಗುಂಡೂ ಕೋಣೆಯ ತುಂಬ ಚೆಲ್ಲಾಡಿ, ಒಂದು ಸೀದಾ ಚಹಾದ ಲೋಟಕ್ಕೇ ಬಿದ್ದಿತ್ತು. ಎಲ್ಲರೂ ನಕ್ಕಿದ್ದರು. ಮುಖ್ಯಸ್ಥರು ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಕೆಟ್ಟವರಲ್ಲ. ಆದರೂ ಅಂದಿನಿಂದ ಈ ಬಾಗಿಲ ಮುಂದೆ ಹಾಯುವಾಗಲೆಲ್ಲ, “ತಲೆ ಬಗ್ಗಿಸಿ, ಮೇಡಂ ಕೆಲಸದಲ್ಲಿದಾರೆ” ಎಂದು ಜೊತೆಯವರಿಗೆ ಹೇಳುತ್ತಿದ್ದರು. ಅವಳೂ ನಗುತ್ತಿದ್ದಳು. ಆ ನಗು ಮುಖದ ಮೇಲೆ ಇರುವಷ್ಟು ಹೊತ್ತೂ ಅವಳಿಗೆ ತನ್ನ ಕೆನ್ನೆ ಬೇರೆಯವರದ್ದು ಅನ್ನಿಸುತ್ತಿತ್ತು. ಮತ್ತೆರಡು ಸಲ ಬಾಗಿಲು ಹಾಕಿಕೊಂಡು ಪ್ರಯತ್ನಿಸಿದಳು. ಎರಡು ಸಲವೂ ಏಳಕ್ಕೇ ಹಾರಿತು. ಮೊನ್ನೆ ಮುಖ್ಯಸ್ಥರು ತೀರಾ ಮೃದುವಾಗಿ, “ಹೊರಗಿಂದ ಒಬ್ರು ಪರಿಣತರನ್ನ ಕರೆಸ್ತಿದೀನಿ, ಬುಧವಾರ ಮೂರು ಗಂಟೆಗೆ. ನಿಮಗ್ಯಾಕೆ ಸುಮ್ನೆ ತೊಂದರೆ” ಅಂದಿದ್ದರು. ಆ ಮೃದುತನವೇ ಅವಳನ್ನು ಹೆದರಿಸಿತ್ತು. ಇದೊಂದು ಹೊರಗೆ ಹೋದರೆ ಇನ್ನೊಂದೂ ಹೋಗುತ್ತದೆ, ಕೊನೆಗೆ ಈ ಕೋಣೆಗೆ ಬೀಗ ಬಿದ್ದು ಅವಳನ್ನು ಟಿಕೆಟ್ಟಿನವನ ಪಕ್ಕ ಕೂರಿಸುತ್ತಾರೆ. ಇವತ್ತು ಬುಧವಾರ.

ಅವಳು ಮುಚ್ಚಳ ತೆಗೆದಳು. ಒಳಗೆ ನಡುವೆ ಸ್ಪ್ರಿಂಗು ಅಡಗಿದ ಗುಂಡನೆಯ ಗೂಡು, ಅದರಿಂದ ಹೊರಟ ಆರು ತೋಳುಗಳು, ತೋಳುಗಳ ಕೆಳಗೆ ಬಸವನಹುಳುವಿನ ಚಿಪ್ಪಿನಂತೆ ಸುತ್ತುತ್ತ ಬಾಯಿಯತ್ತ ಸಾಗುವ ದಾರಿ. ಕೀಲಿ ಕೊಟ್ಟರೆ ತೋಳುಗಳು ಗುಂಡುಗಳನ್ನು ಆ ದಾರಿಯಲ್ಲಿ ಮುಂದಕ್ಕೆ ತಳ್ಳುತ್ತವೆ. ಇದಕ್ಕಿಂತ ಸರಳವಾದದ್ದು ಇರಲಿಕ್ಕಿಲ್ಲ. ಅವಳು ತೋಳುಗಳ ಚಕ್ರವನ್ನು ಎತ್ತಿ ಪಕ್ಕಕ್ಕಿಟ್ಟು, ಸೀಮೆಎಣ್ಣೆಯ ಬ್ರಶ್ಶಿನಿಂದ ಮೂಲೆಗಳಲ್ಲಿ ಜೇನುಮೇಣದ ಹಾಗೆ ಗಟ್ಟಿಯಾದ ಹಳೆಯ ಗ್ರೀಸನ್ನು ಕೆರೆಯತೊಡಗಿದಳು. ಈ ಕೆಲಸ ಅವಳಿಗೆ ಯಾವಾಗಲೂ ಇಷ್ಟ: ಕೊಳೆ ಹೋಗಿ ಲೋಹ ಮೊದಲ ಸಲ ಉಸಿರು ಬಿಟ್ಟಂತೆ ಹೊಳೆಯುವ ಗಳಿಗೆ. ಆ ಸೀಮೆಎಣ್ಣೆಯ ವಾಸನೆಗೆ ಒಮ್ಮೆ ಕಣ್ಣೆತ್ತಿ ನೋಡಿದಾಗ ಅಮ್ಮ ಮೂಗರಳಿಸಿಕೊಂಡು ಕೂತಿದ್ದಳು. ವಾಸನೆ ಜೋರಾಯಿತೇನೋ ಎಂದು ಕಿಟಕಿ ತೆರೆಯಲು ಎದ್ದಳು. ಅಮ್ಮನ ಚೀಲದಿಂದ ಕನ್ನಡಕದ ಪೆಟ್ಟಿಗೆ ಅರ್ಧ ಹೊರಗೆ ಬಂದಿತ್ತು, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಕಾಗದ. ಅದು ಯಾವ ಕಾಗದ ಎಂದು ಅವಳಿಗೆ ಗೊತ್ತಿತ್ತು. ಸಂಗ್ರಹಾಲಯದ ಹತ್ತು ಪುಟದ ಪುಸ್ತಿಕೆ. ಅದರ ಆರನೇ ಪುಟದಲ್ಲಿ ಅವಳ ಫೋಟೋ, ಕೈಯಲ್ಲಿ ಲೋಹ ಉಜ್ಜುವ ಅರ, ಕೆಳಗೆ ಅವಳದೇ ಮಾತು: ನಮ್ಮ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದವರೇ ಇರಲಿಲ್ಲ, ಉಪಕರಣ ಮುಟ್ಟಿದವಳು ನಾನೇ ಮೊದಲು. ಹೇಳುವಾಗ ಚೆನ್ನಾಗಿ ಕೇಳಿಸಿತ್ತು. ಅಚ್ಚಾದ ಮೇಲೆ ಓದಿದರೆ ಯಾರನ್ನೋ ಹೊಸ್ತಿಲಾಚೆ ನಿಲ್ಲಿಸಿ ಬಾಗಿಲು ಹಾಕಿಕೊಂಡ ಹಾಗಿತ್ತು. ಮದುವೆಗೆ ಮುಂಚೆ ಮೂರು ವರ್ಷ ಡಬ್ಬಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದೆ ಎಂದು ಅಮ್ಮ ಹೇಳಿದ್ದಳಲ್ಲ. ಬಿಸ್ಕತ್ತಿನ ಡಬ್ಬಿ, ಪೌಡರಿನ ಡಬ್ಬಿ ಎಂದೇ ಅವಳು ಅಂದುಕೊಂಡಿದ್ದಳು. ಅದನ್ನು ಲೆಕ್ಕಕ್ಕೆ ಹಿಡಿಯಬೇಕು ಅಂತ ಅವಳಿಗೆ ಅನ್ನಿಸಿರಲಿಲ್ಲ. ಶಾಲೆಯ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ದುಂಡಗಿನ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದು ಅಮ್ಮನ ಕೈಗೇ ಸಹಿಗೆ ಕೊಟ್ಟಿದ್ದಳು. ಅಮ್ಮ ಓದಿ, ಸಹಿ ಹಾಕಿ, ಪೆನ್ನಿನ ಮುಚ್ಚಳ ಭದ್ರವಾಗಿದೆಯೇ ಎಂದು ಎರಡು ಸಲ ಒತ್ತಿ ನೋಡಿ ವಾಪಸು ಕೊಟ್ಟಿದ್ದಳು.

ಹತ್ತೂವರೆಯ ಹೊತ್ತಿಗೆ ಡ್ರಮ್ಮು ಶುಭ್ರವಾಯಿತು. ಚಕ್ರದ ಅಚ್ಚಿಗೆ ಒಂದೇ ಒಂದು ಹನಿ ಎಣ್ಣೆ ಬಿಟ್ಟು ಕೂರಿಸಿದಳು. ಹುಸಿಗುಂಡುಗಳನ್ನು ತಲೆ ಮೇಲಾಗಿ ತೋಳು ತೋಳಿನ ನಡುವೆ ನಿಲ್ಲಿಸುತ್ತ ಹೋದಳು. ಹೊರಸುತ್ತು ತುಂಬಿತು, ಒಳಸುತ್ತು ತುಂಬಿತು. ಹಿತ್ತಾಳೆಯ ಪುಟ್ಟ ಪುಟ್ಟ ತಲೆಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಕಂಡವು, ಕೂಡಲೇ ಆ ಹೋಲಿಕೆ ಬೇಡ ಅನ್ನಿಸಿತು. ಮುಚ್ಚಳ ಹಾಕಿದಳು, ಕೊಂಡಿ ಬಿಗಿದಳು, ಕೀಲಿ ಸಿಕ್ಕಿಸಿದಳು. ಒಂದು. ಎರಡು. ಬೆನ್ನಿಗೆ ಬೆವರು. ಮೂರು. ನಾಲ್ಕು.

“ನಿಲ್ಸೇ” ಅಂದಳು ಅಮ್ಮ.

ಅವಳ ಕೈ ತಾನಾಗಿಯೇ ನಿಂತಿತು. ಐವತ್ತೆರಡು ವರ್ಷದ ಕೈ, ಅಮ್ಮನ ಆ ದನಿಗೆ ನಿಲ್ಲುವುದನ್ನು ಎಲ್ಲೋ ಒಳಗೆ ಇಟ್ಟುಕೊಂಡಿತ್ತು.

“ಏನಮ್ಮ?”

“ಮುಚ್ಚಳ ಕೂತಿಲ್ಲ.”

“ಕೂತಿದೆ. ಕೊಂಡಿ ಹಾಕಿದೀನಲ್ಲ.”

“ಕೊಂಡಿ ಹಿಡ್ಕೊಂಡಿದೆ ಅಷ್ಟೆ, ಕೂತಿಲ್ಲ. ಸದ್ದು ಕೇಳಿಸ್ತಿಲ್ವಾ? ಟಕ್ ಅಂದಮೇಲೆ ಇನ್ನೊಂದು ಸಣ್ಣ ಸದ್ದು ಬರ್ತಿದೆ, ಕಿರ್ ಅಂತ. ಬಿಚ್ಚು, ಬಿಚ್ಚು. ಮೇಲೆ ಅಂಗೈ ಇಟ್ಕೊಂಡು ಬಿಚ್ಚು, ಹಾರತ್ತೆ.”

ಅವಳು ಅಂಗೈ ಇಟ್ಟುಕೊಂಡು ಕೀಲಿ ಸಡಿಲಿಸಿ ಬಿಚ್ಚಿದಳು. ಅಮ್ಮ ಸ್ಟೂಲಿನಿಂದ ಎದ್ದು, ಮೇಜಿನ ಅಂಚು ಹಿಡಿದು ಹತ್ತಿರ ಬಂದು, ಮುಚ್ಚಳ ತಾ ಎಂದು ಕೈ ಚಾಚಿದಳು. ಏನೂ ಮುಟ್ಟಬೇಡ ಎಂದವಳೇ ಅದನ್ನು ಆ ಕೈಗೆ ಇಟ್ಟಳು. ಅಮ್ಮನಿಗೆ ಎಡಗಣ್ಣು ಮಂಜು, ಬಲಗಣ್ಣು ಇನ್ನೂ ಮಂಜು. ಅಮ್ಮ ಕಣ್ಣಿಂದ ನೋಡಲಿಲ್ಲ. ಹೆಬ್ಬೆರಳಿನಿಂದ ಮುಚ್ಚಳದ ಒಳಅಂಚನ್ನು ಒಂದು ಸುತ್ತು ಸವರಿ, ಒಂದು ಕಡೆ ನಿಂತು, ಹಿಂದಕ್ಕೆ ಬಂದು, ಮತ್ತೆ ನಿಂತಳು. ಆಮೇಲೆ ಡ್ರಮ್ಮಿನ ಮೈಯ ಅಂಚನ್ನೂ ಹಾಗೆಯೇ ಸವರಿದಳು. ಮುಖದಲ್ಲಿ ಯಾವ ಭಾವವೂ ಇರಲಿಲ್ಲ; ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಹಿಡಿದು ನೋಡುವಾಗಿನ ಮುಖ.

“ಮೈಯಲ್ಲಿ ನಾಲ್ಕು, ಏಳು. ಮುಚ್ಚಳದಲ್ಲಿ ಆರು, ಎರಡು. ಮುಚ್ಚಳ ಇದರದ್ದಲ್ಲ ಕಣೇ. ಬೇರೆ ಡಬ್ಬಿದು.”

ಡ್ರಮ್ಮಿಗೆ ಡಬ್ಬಿ ಅಂದಳು ಅಮ್ಮ. ಅವಳು ಭೂತಗನ್ನಡಿ ತಂದು ಅಮ್ಮನ ಹೆಬ್ಬೆರಳಿದ್ದ ಜಾಗ ನೋಡಿದಳು. ದಪ್ಪ ಕಪ್ಪು ಬಣ್ಣದ ಕೆಳಗೆ, ಗೊತ್ತಿದ್ದವರಿಗೆ ಮಾತ್ರ ಕಾಣುವಂತೆ, ಅಕ್ಕಿಕಾಳಿಗಿಂತ ಚಿಕ್ಕದಾಗಿ ಒತ್ತಿದ ಅಂಕೆಗಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕಣ್ಣಿಗೆ ಬೀಳದವು. “ನಿಂಗೆ ಹೇಗಮ್ಮ ಗೊತ್ತು?” ಎಂದು ಕೇಳುವಷ್ಟರಲ್ಲೇ ಉತ್ತರ ತಾನೇ ಎದ್ದು ಬಂದು ಅವಳ ಎದೆಗೆ ಡಿಕ್ಕಿ ಹೊಡೆಯಿತು. ಬಿಸ್ಕತ್ತಿನದಲ್ಲ. ಪೌಡರಿನದೂ ಅಲ್ಲ.

“ಒಂದು ವರ್ಷ ಮುಚ್ಚಳ ಅರ ಹಾಕಿ ಕೂರಿಸ್ತಿದ್ದೆ, ಎರಡು ವರ್ಷ ಸರಿ ಕೂತಿದೆಯಾ ಅಂತ ನೋಡಿ ಪಾಸು ಮಾಡೋ ಮೇಜಲ್ಲಿದ್ದೆ” ಅಂದಳು ಅಮ್ಮ, ಹೊಸದೇನೂ ಹೇಳುತ್ತಿಲ್ಲ ಎಂಬಂತೆ. “ಅಚ್ಚಲ್ಲಿ ಒತ್ತಿದ್ದು ಯಾವ್ದೂ ಒಂದರ ಹಾಗೆ ಒಂದು ಇರ್ತಿರಲಿಲ್ಲ. ಒಂದೊಂದು ಡಬ್ಬಿಗೂ ಅದರದೇ ಮುಚ್ಚಳ, ಕೈಯಲ್ಲಿ ಉಜ್ಜಿ ಕೂರಿಸ್ಬೇಕು. ಅದಲು ಬದಲು ಆಗ್ಬಾರ್ದು ಅಂತ ನಂಬರು. ಇದು ನಮ್ಮ ಕಾರ್ಖಾನೆದಲ್ಲ. ನಮ್ಮಲ್ಲಿ ಅಂಚು ಇಷ್ಟು ಒರಟು ಬಿಡ್ತಿರಲಿಲ್ಲ. ನನ್ನ ಮೇಜಿಗೆ ಬಂದಿದ್ರೆ ವಾಪಸ್ ಕಳಿಸ್ತಿದ್ದೆ.”

ಆರು, ಎರಡು. ಉಗ್ರಾಣದ ಕೆಳಗಿನ ಖಾನೆಯಲ್ಲಿ ತುಕ್ಕು ಹಿಡಿದ ಇನ್ನೊಂದು ಡ್ರಮ್ಮು ಇದೆ, ಅದರ ಬೆನ್ನಿಗೆ ಕೆತ್ತಿದ ನಂಬರಿನ ಕೊನೆಯ ಅಂಕೆಗಳು ಅರವತ್ತೆರಡು ಎಂದು ಅವಳಿಗೆ ನೆನಪಿತ್ತು. ನೆನಪಿನ ಹಿಂದೆಯೇ ಇನ್ನೊಂದು ನೆನಪು ನಾಚಿಕೊಂಡು ಬಂತು. ಹನ್ನೊಂದು ವರ್ಷದ ಹಿಂದೆ ಎರಡನ್ನೂ ಒಂದೇ ದಿನ ಬಿಚ್ಚಿ, ಒಂದೇ ತಟ್ಟೆಯಲ್ಲಿ ತೊಳೆದಿದ್ದಳು. ಅಷ್ಟರಲ್ಲಿ ಮಗಳ ಫೋನು, ಪರೀಕ್ಷೆ ಪಾಸಾದೆ ಅಂತ ಕಿರುಚಾಟ, ಇವಳೂ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಕಿರುಚುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು ಎರಡಕ್ಕೂ ಮುಚ್ಚಳ ಹಾಕಿ ಎತ್ತಿಟ್ಟಿದ್ದಳು. ಮೂರು ವಾರದಿಂದ ಯಾರು ಯಾರನ್ನೋ ಶಂಕಿಸಿದ್ದಳು: ಸ್ಪ್ರಿಂಗನ್ನು, ಕೊಂಡಿಯನ್ನು, ವಯಸ್ಸನ್ನು, ತನಗಿಂತ ಮುಂಚೆ ಇಲ್ಲಿದ್ದ ಮುದುಕ ರಿಪೇರಿಯವನನ್ನು. ತಾನೇ ಮಾಡಿದ್ದು ಎಂದು ತಿಳಿದಾಗ ಅವಮಾನವಾಗಬೇಕಿತ್ತು. ಅದರ ಬದಲು ಹೊಟ್ಟೆಯೊಳಗಿಂದ ಒಂದು ನಗು ಗುಳ್ಳೆ ಗುಳ್ಳೆಯಾಗಿ ಮೇಲೆ ಬರತೊಡಗಿತು. ಕೈ ಕೆಟ್ಟಿರಲಿಲ್ಲ. ಕೈ ಒಂದು ದಿನ ಖುಷಿಯಲ್ಲಿತ್ತು, ಅಷ್ಟೇ.

ಅವಳು ಉಗ್ರಾಣಕ್ಕೆ ಓಡಿದಳು. ಎಷ್ಟೋ ವರ್ಷದ ಮೇಲೆ ಆ ಕಾರಿಡಾರಿನಲ್ಲಿ ಓಡಿದ್ದು. ತುಕ್ಕಿನ ಡ್ರಮ್ಮನ್ನು ಎದೆಗವಚಿಕೊಂಡು ವಾಪಸು ಬಂದಾಗ ಅಮ್ಮ ಅವಳ ಕುರ್ಚಿಯಲ್ಲಿ ಕೂತು, ಅವಳ ಮೇಲಂಗಿ ಹಾಕಿಕೊಂಡು, ಅವಳ ಅರಗಳನ್ನು ಒರಟು ನಯದ ಪ್ರಕಾರ ಸಾಲಾಗಿ ಜೋಡಿಸುತ್ತಿದ್ದಳು. ಎದುರಿಗೆ ಮುಖ್ಯಸ್ಥರು ನಿಂತಿದ್ದರು. ಅವರ ಎರಡು ಕೈಯಲ್ಲೂ, ದೇವರಿಗೆ ಹಣ್ಣು ಹಿಡಿದ ಹಾಗೆ, ಡ್ರಮ್ಮಿನ ಮೈ.

“ಸರ್, ಅದು… ನಮ್ಮಮ್ಮ. ಮನೇಲಿ ಯಾರೂ ಇರಲಿಲ್ಲ, ಅದಕ್ಕೆ…”

“ನಂಗೆ ಅಲ್ಲಾಡ್ಬೇಡ ಅಂದಿದಾರೆ” ಎಂದರು ಮುಖ್ಯಸ್ಥರು, ತುಟಿ ಮಾತ್ರ ಅಲ್ಲಾಡಿಸಿ.

“ಸ್ವಲ್ಪ ಬೆಳಕಿನ ಕಡೆ ತಿರುಗಪ್ಪ” ಅಂದಳು ಅಮ್ಮ. “ಹಾಂ. ಏನೇ, ಸಿಕ್ತಾ?”

ತುಕ್ಕಿನ ಮುಚ್ಚಳ ಸುಲಭವಾಗಿ ಬರಲಿಲ್ಲ. ಎಣ್ಣೆ ಬಿಟ್ಟು, ಕಾಯಿಸಿ, ಮರದ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ ಎಬ್ಬಿಸಬೇಕಾಯಿತು. ಒಳಅಂಚು ಉಜ್ಜಿದಾಗ ನಾಲ್ಕು, ಏಳು ಕಾಣಿಸಿತು. ಅವಳು ಮುಚ್ಚಳವನ್ನು ಡ್ರಮ್ಮಿನ ಮೇಲಿಟ್ಟಳು. ಒತ್ತುವ ಮೊದಲೇ, ನಿದ್ದೆಯಲ್ಲಿ ಮಗು ಪಕ್ಕ ಬದಲಿಸಿದ ಹಾಗೆ, ಅದು ತಾನಾಗಿ ಒಂದು ಕೂದಲೆಳೆ ಸರಿದು ಕೂತಿತು. ಅವಳು ಕೊಂಡಿ ಹಾಕಲು ಹೋದಾಗ ಅಮ್ಮ ತಡೆದಳು.

“ಗುಂಡು ತೆಗೆದು ಮತ್ತೆ ಜೋಡ್ಸು. ಒಳಸುತ್ತು ವಾಲಿದೆ. ನೀನು ಬೇಡ, ನೀನು ಕೊಡು, ನಾನು ಇಡ್ತೀನಿ.”

ಅವಳು ಒಂದೊಂದಾಗಿ ಕೊಟ್ಟಳು. ಅಮ್ಮನ ಬೆರಳುಗಳು ಚಹಾದ ಲೋಟ ಹಿಡಿದರೆ ನಡುಗುವಂಥವು, ಇಲ್ಲಿ ನಡುಗಲಿಲ್ಲ. ತೋಳಿನ ಪಕ್ಕ ಮೊದಲನೆಯದು, ಅದಕ್ಕೆ ಒರಗಿ ಎರಡನೆಯದು, ಪ್ರತಿ ಗುಂಡಿನ ನೆತ್ತಿಯನ್ನೂ ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಮುಂದಕ್ಕೆ. ಇದು ಗುಂಡು, ಇದು ಯಾರದೋ ಮೈಗೆ ಹೋಗಲು ಮಾಡಿದ್ದು, ಎಂದು ಅವಳಿಗೆ ನೆನಪಿತ್ತು. ಆದರೂ ಈ ಕೈ ಇಷ್ಟು ಚೆಂದ ಕೆಲಸ ಮಾಡುತ್ತಿದೆ ಎಂಬ ಸಂತೋಷ ಆ ನೆನಪಿನ ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂತುಬಿಟ್ಟಿತು. ಐವತ್ತಾಯಿತು. ಕೀಲಿ ಅವಳು ತಿರುಗಿಸಿದಳು. ಎಣಿಸಿದ್ದು ಮುಖ್ಯಸ್ಥರು, ಗಟ್ಟಿಯಾಗಿ. ಆರು. ಏಳು ಅನ್ನುವಾಗ ಅವರು ಅಭ್ಯಾಸಬಲದಿಂದ ತಲೆ ಬಗ್ಗಿಸಿದರು. ಎಂಟು. ಒಂಬತ್ತು. ಡ್ರಮ್ಮು ತಣ್ಣಗೆ, ತುಂಬಿದ ಕೊಡದ ಹಾಗೆ ಸುಮ್ಮನಿತ್ತು.

“ನೀವಿದನ್ನ ಎಲ್ಲಿ ಕಲಿತ್ರಿ ಅಮ್ಮ?”

“ಕೆಲಸದಲ್ಲಿ” ಅಂದಳು ಅಮ್ಮ. ಮತ್ತೆ ಏನೋ ಯೋಚಿಸಿ, “ಆ ಹಿಂದಿನ ಮೆಟ್ಟಿಲು ಒಡೆದಿದೆ, ನೋಡಿದೀರಾ?” ಎಂದು ಕೇಳಿದಳು. ನೋಡಿಲ್ಲ, ನೋಡುತ್ತೇನೆ, ಎಂದು ಹೇಳಿ ಮುಖ್ಯಸ್ಥರು ಬಾಗಿಲಲ್ಲಿ ನಿಂತರು. “ಮೂರು ಗಂಟೆಯವರಿಗೆ ಬರೋದು ಬೇಡ ಅಂತ ಫೋನ್ ಮಾಡ್ತೀನಿ, ಮೇಡಂ. ಉಗ್ರಾಣದಲ್ಲಿ ಇನ್ನೂ ಆರು ಡ್ರಮ್ಮು ಇವೆಯಲ್ಲ, ಅವುಗಳ ನಂಬರೂ ನೋಡ್ಬೇಕು. ನೀವಿಬ್ರೂ…” ಎಂದವರು ನಿಯಮ ನೆನಪಾಗಿ ಅಮ್ಮನನ್ನು ನೋಡಿದರು, ಅಮ್ಮನ ಮೈಮೇಲಿದ್ದ ಇಲಾಖೆಯ ಮೇಲಂಗಿಯನ್ನು ನೋಡಿದರು. “ನೀವಿಬ್ರೂ ನೋಡಿ” ಎಂದು ಮುಗಿಸಿ ಹೋದರು.

ಮಧ್ಯಾಹ್ನ ಉಪಕರಣಗಳನ್ನು ಪಕ್ಕಕ್ಕೆ ಸರಿಸಿ ಅದೇ ಮೇಜಿನ ಮೇಲೆ ಇಬ್ಬರೂ ಬುತ್ತಿ ಬಿಚ್ಚಿದರು. ಕಿಟಕಿಯಿಂದ ಬಿಸಿಲು ಬಂದು ಅಮ್ಮನ ಎಣ್ಣೆ ಹತ್ತಿದ ಬೆರಳುಗಳ ಮೇಲೆ ಬಿದ್ದಿತ್ತು. ಎಷ್ಟು ತೊಳೆದರೂ ಉಗುರಿನ ಬುಡದಲ್ಲಿ ಕಪ್ಪು ಗೆರೆ ಉಳಿದಿತ್ತು, ಅಮ್ಮ ಅದನ್ನು ಆಗಾಗ ನೋಡಿಕೊಳ್ಳುತ್ತಿದ್ದಳು, ಹೊಸ ಬಳೆ ನೋಡಿಕೊಳ್ಳುವ ಹಾಗೆ.

“ಯಾಕಮ್ಮ ಇಷ್ಟು ವರ್ಷ ಹೇಳಲಿಲ್ಲ?”

“ಹೇಳಿದ್ನಲ್ಲ, ಡಬ್ಬಿ ಕಾರ್ಖಾನೆ ಅಂತ.”

“ಎಂಥ ಡಬ್ಬಿ ಅಂತ ಹೇಳಲಿಲ್ಲ.”

“ನೀನು ಕೇಳಲಿಲ್ಲ.” ಅಮ್ಮ ಒಂದು ತುತ್ತು ನಿಧಾನವಾಗಿ ಅಗಿದು ನುಂಗಿದಳು. “ಕೇಳಿದ್ರೂ ಹೇಳ್ತಿರಲಿಲ್ಲ ಬಿಡು. ಐದು ವರ್ಷದ ಮಗೂಗೆ ಏನಂತ ಹೇಳೋದು? ಕೆಲಸ ಮಾಡುವಾಗ ಮುಚ್ಚಳ ಮಾತ್ರ ನೋಡ್ತಿದ್ದೆ. ಸರಿಯಾಗಿ ಕೂತ್ರೆ ಖುಷಿ ಆಗೋದು, ಸುಳ್ಳು ಯಾಕೆ ಹೇಳ್ಲಿ. ಸಂಜೆ ಲಾರಿಗೆ ತುಂಬ್ತಿದ್ರು. ಆಗ ಕಿಟಕಿಗೆ ಬೆನ್ನು ಮಾಡಿ ಕೂತ್ಕೋತಿದ್ದೆ. ಎಲ್ಲರೂ ಹಾಗೇ ಕೂತ್ಕೋತಿದ್ವಿ, ನಲವತ್ತು ಜನ ಹುಡುಗೀರು. ಯಾರೂ ಯಾರಿಗೂ ಹೇಳ್ಕೊಟ್ಟಿರಲಿಲ್ಲ.”

ಅವಳಿಗೆ ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಎಂದು ಗೊತ್ತಾಗಿ, ಮೇಜಿನ ಮೇಲೆ ಬಿದ್ದ ಅಗುಳೊಂದನ್ನು ಬೆರಳಿನಿಂದ ಒತ್ತುತ್ತ, “ಅಮ್ಮ, ಆ ಪುಸ್ತಿಕೆಯಲ್ಲಿ ನಾನು ಹಾಗೆ ಹೇಳಬಾರದಿತ್ತು” ಅಂದಳು.

“ಯಾವ್ದು, ಇದಾ?” ಅಮ್ಮ ಕನ್ನಡಕದ ಪೆಟ್ಟಿಗೆಯಿಂದ ಕಾಗದ ತೆಗೆದು ಬಿಡಿಸಿ, ಆರನೇ ಪುಟವನ್ನು ಮೂಗಿನ ಹತ್ತಿರ ಹಿಡಿದಳು. “ಹೂಂ. ಹೇಳ್ಬೇಕು ಹೇಳ್ಬೇಕು ಅಂತ ಇಟ್ಕೊಂಡಿದ್ದೆ, ಪ್ರತಿ ಸಲ ಮರೆತು ಹೋಗೋದು. ಇಲ್ಲಿ ನೋಡು, ನೀನು ಅರ ಹಿಡ್ಕೊಂಡಿರೋದು. ತೋರುಬೆರಳು ಮೇಲಿಟ್ಟಿದೀಯ. ಹೆಬ್ಬೆರಳು ಮೇಲಿರ್ಬೇಕು. ಹೀಗೆ ಹಿಡಿದ್ರೆ ಸಂಜೆ ಹೊತ್ತಿಗೆ ಮಣಿಕಟ್ಟು ನೋಯಲ್ವಾ?”

“ನೋಯತ್ತೆ” ಅಂದಳು ಅವಳು. ಇಪ್ಪತ್ತೆರಡು ವರ್ಷದಿಂದ ನೋಯುತ್ತಿತ್ತು. ಅಷ್ಟು ಹೇಳಿದ್ದೇ, ಬೆಳಗಿನಿಂದ ಹೊಟ್ಟೆಯಲ್ಲಿ ಗುಳ್ಳೆಯಾಡುತ್ತಿದ್ದ ನಗು ಕಟ್ಟೆ ಒಡೆದು ಬಂತು. ಅಮ್ಮನಿಗೆ ಏತಕ್ಕೆ ಎಂದು ತಿಳಿಯಲಿಲ್ಲ, ಆದರೂ ಅವಳೂ ನಕ್ಕಳು, ನಗುತ್ತಲೇ ಮಗಳ ಕೈ ಎಳೆದುಕೊಂಡು ಒಂದು ಅರವನ್ನು ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಸರಿಯಾದ ಜಾಗಕ್ಕೆ ಮಡಿಚಿದಳು. ಉಳಿದ ಮಧ್ಯಾಹ್ನವೆಲ್ಲ ಒಬ್ಬಳು ಉಜ್ಜಿದಳು, ಇನ್ನೊಬ್ಬಳು ಕಿವಿಗೊಟ್ಟು ಕೇಳಿದಳು. ಆರರಲ್ಲಿ ಎರಡು ಡ್ರಮ್ಮು ಮುಗಿಯಿತು. ಒಂದನ್ನು ಅಮ್ಮ ಎರಡು ಸಲ ವಾಪಸು ಕಳಿಸಿದಳು.

ಮರುದಿನ ಬೆಳಗ್ಗೆ ಎಚ್ಚರವಾದಾಗ ಮನೆಯಲ್ಲಿ ಯಾರೋ ಓಡಾಡುವ ಸದ್ದು. ಆರು ಗಂಟೆಯೂ ಆಗಿರಲಿಲ್ಲ, ಕಿಟಕಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ಒಲೆಯ ಮೇಲೆ ನೀರು ಇಟ್ಟಿದ್ದಾಳೇನೋ ಎಂದು ಅವಳು ಗಾಬರಿಯಿಂದ ಎದ್ದು ಹೊರಗೆ ಬಂದಳು. ಅಮ್ಮ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದಳು. ಸ್ನಾನ ಮುಗಿದಿತ್ತು. ಬಿಳಿ ಕೂದಲನ್ನೆಲ್ಲ ಒಂದು ಎಳೆಯೂ ಹೊರಗೆ ಬಾರದಂತೆ ಮೇಲೆತ್ತಿ ನೀಲಿ ಬಟ್ಟೆಯೊಂದರಲ್ಲಿ ಕಟ್ಟಿಕೊಂಡಿದ್ದಳು, ಯಂತ್ರಗಳ ನಡುವೆ ನಿಲ್ಲುವ ಹುಡುಗಿಯರು ಕಟ್ಟುವ ಹಾಗೆ, ಹಿಂದೆ ಒಂದೇ ಗಂಟು. ಅವಳು ಅಮ್ಮನನ್ನು ಈ ರೂಪದಲ್ಲಿ ಯಾವತ್ತೂ ನೋಡಿರಲಿಲ್ಲ. ಕಾಲಿಗೆ ಆಗಲೇ ಚಪ್ಪಲಿ.

“ಇನ್ನೂ ಎದ್ದಿಲ್ವಾ ನೀನು?” ಅಂದಳು ಅಮ್ಮ. “ಇನ್ನೂ ನಾಲ್ಕು ಬಾಕಿ ಇದೆ ಕಣೇ. ನಡಿ, ಮುಖ ತೊಳ್ಕೋ.”

ಅವಳು ನಿಂತಲ್ಲೇ ಒಂದು ಕ್ಷಣ ನಿಂತು, ಆಮೇಲೆ ಶಾಲೆಗೆ ತಡವಾದ ಹುಡುಗಿಯಂತೆ ಬಚ್ಚಲುಮನೆಗೆ ಓಡಿದಳು.